ಗುಜರಿಯಿಂದ ಎದ್ದ ಗಾಡಿಗಳು



ಅಮೆರಿಕದಲ್ಲಿರುವ ನಿಮ್ಮಲ್ಲಿ ಅನೇಕರು ಈ ದೃಶ್ಯವನ್ನು ನೋಡಿರುತ್ತೀರಿ. ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ, ಯಾವುದೋ ಅಂಗಡಿ ಸಾಲಿನ ಪಾರ್ಕಿಂಗ್ ಜಾಗದಲ್ಲಿ ಇಪ್ಪತ್ತು ಮೂವತ್ತು ಹಳೆಯ ಕಾರುಗಳು ಬಾನೆಟ್ ತೆರೆದುಕೊಂಡು ನಿಂತಿರುತ್ತವೆ. ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಎಪ್ಪತ್ತು ದಾಟಿದ ಹಿರಿಯರು ಕಾಫಿ ಕುಡಿಯುತ್ತಾ ಕುಳಿತಿರುತ್ತಾರೆ. ನಾನು ಮೊದಲ ಸಲ ಹೀಗೆ ಕಂಡಾಗ ಒಬ್ಬರನ್ನು ಕೇಳಿದ್ದೆ, ಇದನ್ನು ಎಲ್ಲಿ ಕೊಂಡಿರಿ ಎಂದು. ಅವರ ಮುಖ ಸ್ವಲ್ಪ ಬಾಡಿತು. ಕೊಂಡದ್ದಲ್ಲ, ಕಟ್ಟಿದ್ದು ಎಂದರು. ಆಮೇಲೆ ಅರ್ಧ ಗಂಟೆ ನನ್ನನ್ನು ಬಿಡಲಿಲ್ಲ!

ಅವರು 'ಕಟ್ಟಿದ' ಆ ಬಗೆಯ ಕಾರಿಗೆ ಇಲ್ಲಿ ಹಾಟ್ ರಾಡ್ ಎನ್ನುತ್ತಾರೆ. ಹಳೆಯದನ್ನು ಎಸೆದು ಹೊಸದನ್ನು ಕೊಳ್ಳುವ ದೇಶ ಇದು ಎಂದು ನಾವು ನಾವೇ ಮಾತಾಡಿಕೊಳ್ಳುತ್ತೇವೆ. ಆದರೆ ಇದೇ ದೇಶದಲ್ಲಿ, ಕೈಯಲ್ಲಿ ಕಾಸಿಲ್ಲದ ಹುಡುಗರು ಗುಜರಿಯನ್ನೇ ಬಂಡವಾಳ ಮಾಡಿಕೊಂಡು ಒಂದು ಕಲೆಯನ್ನು ಬೆಳೆಸಿದರು. ಅದರ ಕಥೆಯನ್ನು ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

1908ರಿಂದ 1927ರವರೆಗೆ ಫೋರ್ಡ್ ಕಂಪನಿ ಸುಮಾರು ಒಂದೂವರೆ ಕೋಟಿ 'ಮಾಡೆಲ್ ಟಿ' ಕಾರುಗಳನ್ನು ತಯಾರಿಸಿತು. 1929ರ ನಂತರದ ಆರ್ಥಿಕ ಕುಸಿತದ ಕಾಲಕ್ಕೆ ಅವು ಗುಜರಿ ಅಂಗಡಿಗಳಲ್ಲಿ ಪುಡಿಗಾಸಿಗೆ ಸಿಗುತ್ತಿದ್ದವು. ಲಾಸ್ ಏಂಜಲೀಸ್ ಸುತ್ತಮುತ್ತಲಿನ ಹುಡುಗರು ಅವನ್ನು ತಂದು ಮಡ್ಗಾರ್ಡ್, ಬಾನೆಟ್, ಬಂಪರ್ ಎಲ್ಲ ಕಳಚಿ ಹಾಕಿದರು. ಖರ್ಚಿಲ್ಲದೆ ವೇಗ ಹೆಚ್ಚಿಸಬೇಕಾದರೆ ತೂಕ ಇಳಿಸುವುದೇ ದಾರಿ.

1932ರಲ್ಲಿ ಹೆನ್ರಿ ಫೋರ್ಡ್ ಎಂಟು ಸಿಲಿಂಡರ್‌ಗಳ 'ವಿ-8' ಇಂಜಿನ್ನನ್ನು ಸಾಮಾನ್ಯರ ಕಾರಿಗೆ ಕೂರಿಸಿದರು. ಅಲ್ಲಿಯವರೆಗೆ ಅಂಥ ಇಂಜಿನ್ ಹೆಚ್ಚಾಗಿ ಸಿರಿವಂತರ ಕಾರುಗಳಲ್ಲಿತ್ತು. ಇದರ ಶಕ್ತಿ 65 ಅಶ್ವಶಕ್ತಿ. ತೆರೆದ ರೋಡ್‌ಸ್ಟರ್ ಕಾರಿನ ಬೆಲೆ 500 ಡಾಲರಿಗಿಂತ ಕಡಿಮೆ. ಕೆಲವೇ ವರ್ಷಗಳಲ್ಲಿ ಇವೂ ಸೆಕೆಂಡ್ ಹ್ಯಾಂಡ್ ಸಂತೆಗೆ ಬಂದವು. ಹುಡುಗರು ಒಂದರ ಬದಲು ಎರಡು ಕಾರ್ಬ್ಯುರೇಟರ್ ಜೋಡಿಸಿದರು, ಇಂಜಿನ್ನಿನ ಹೆಡ್ಡನ್ನು ಕೆತ್ತಿಸಿ ಒತ್ತಡ ಹೆಚ್ಚಿಸಿದರು. ಬೇಕಾದ ಬಿಡಿಭಾಗ ಅಂಗಡಿಯಲ್ಲಿ ಸಿಗದಿದ್ದಾಗ ತಾವೇ ಮಾಡಿಕೊಂಡರು. ವಿಕ್ ಎಡೆಲ್‌ಬ್ರಾಕ್ ಎಂಬ ಮೆಕ್ಯಾನಿಕ್ ತನ್ನ 1932ರ ಫೋರ್ಡಿಗೆ ತಾನೇ ರೂಪಿಸಿದ ಮ್ಯಾನಿಫೋಲ್ಡ್ ಅಳವಡಿಸಿ, ಮುಂದೆ ಅದನ್ನೇ ದೊಡ್ಡ ಉದ್ಯಮವಾಗಿ ಬೆಳೆಸಿದರು.

ವೇಗವನ್ನು ಅಳೆಯಲು ಇವರಿಗೆ ಸಿಕ್ಕ ಮೈದಾನ ಮೊಹಾವಿ ಮರುಭೂಮಿಯ ಒಣಕೆರೆಗಳು. ಮ್ಯೂರಾಕ್, ಎಲ್ ಮಿರಾಜ್ ಮೊದಲಾದ ಕಡೆ ಕೆರೆಯ ತಳದ ಮಣ್ಣು ಒಣಗಿ, ಮೈಲಿಗಟ್ಟಲೆ ಸಗಣಿ ಸಾರಿಸಿದ ಕಣದಂತೆ ಗಟ್ಟಿಯಾಗಿ, ಸಮತಟ್ಟಾಗಿರುತ್ತದೆ. 1937ರಲ್ಲಿ ಹಲವು ಕ್ಲಬ್ಬುಗಳು ಕೂಡಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡು, ಓಟಗಳಿಗೆ ನಿಯಮಗಳನ್ನು ತಂದವು.

ಅಷ್ಟರಲ್ಲಿ ಯುದ್ಧ ಬಂತು. ಮ್ಯೂರಾಕ್ ಸೇನೆಯ ಪಾಲಾಯಿತು. ಇಂದಿನ ಎಡ್ವರ್ಡ್ಸ್ ವಾಯುನೆಲೆ ಅದೇ ಜಾಗ. ಹುಡುಗರು ಸೈನ್ಯಕ್ಕೆ ಹೋದರು. 1945ರಲ್ಲಿ ಮರಳಿದಾಗ ಬಹಳ ಮಂದಿಗೆ ಬೆಸುಗೆ, ಇಂಜಿನ್ ರಿಪೇರಿ, ತಗಡಿನ ಕೆಲಸ ಕೈಗೆ ಹತ್ತಿತ್ತು. ಅವರಲ್ಲಿ ಬಿಲ್ ಬರ್ಕ್ ಎಂಬವರು ಪೆಸಿಫಿಕ್ ಸಾಗರದ ಯುದ್ಧರಂಗದಲ್ಲಿ ವಿಮಾನಗಳ ಹೊಟ್ಟೆಯಡಿ ತೂಗುಹಾಕುವ ಇಂಧನದ ಟ್ಯಾಂಕುಗಳನ್ನು ಕಂಡಿದ್ದರು. ಗಾಳಿಯನ್ನು ಸೀಳಲೆಂದೇ ಹನಿಯ ಆಕಾರದಲ್ಲಿ ಮಾಡಿದ ಟ್ಯಾಂಕು ಅದು. 1946ರಲ್ಲಿ ಅಂಥದೊಂದು ಹಳೇ ಟ್ಯಾಂಕನ್ನೇ ಅವರು ಓಟದ ಕಾರಿನ ಮೈಯಾಗಿ ಬಳಸಿದರು. ಯುದ್ಧದ ಗುಜರಿಯೂ ಹೀಗೆ ಉಪಯೋಗಕ್ಕೆ ಬಂತು.

ವೇಗದ ಜೊತೆಗೆ ರೂಪದ ಹಂಬಲವೂ ಬೆಳೆಯಿತು. ಓಟಕ್ಕಿಂತ ಅಂದಕ್ಕಾಗಿ ಕಟ್ಟಿದ ಕಾರುಗಳಿಗೆ 'ಕಸ್ಟಮ್' ಎಂದು ಹೆಸರು. ಇಲ್ಲಿ ಮುಖ್ಯ ಕೆಲಸ ಟಾಪನ್ನು ತಗ್ಗಿಸುವುದು. ಕೇಳಲು ಸುಲಭ: ಕಿಟಕಿಯ ಕಂಬಗಳನ್ನು ಕತ್ತರಿಸಿ, ಕೆಲವು ಇಂಚು ತೆಗೆದು, ಮತ್ತೆ ಬೆಸೆಯುವುದು. ಆದರೆ ಒಂದು ಬಕೆಟ್ಟಿನ ನಡುವಿನಿಂದ ಪಟ್ಟಿಯೊಂದನ್ನು ಕತ್ತರಿಸಿ ತೆಗೆದು, ಉಳಿದ ಎರಡು ಭಾಗಗಳನ್ನು ಜೋಡಿಸಲು ಹೋಗಿ ನೋಡಿ. ಸುತ್ತಳತೆ ಕೂಡುವುದಿಲ್ಲ. ಕಾರಿನ ಕಂಬಗಳೂ ಹಾಗೆಯೇ ಓರೆಯಾಗಿರುವುದರಿಂದ ಟಾಪನ್ನು ಸೀಳಿ ಹಿಗ್ಗಿಸಬೇಕು, ಗಾಜು ಕತ್ತರಿಸಬೇಕು, ಬಾಗಿಲಿನ ಚೌಕಟ್ಟನ್ನು ಹೊಸದಾಗಿ ಬಾಗಿಸಬೇಕು.

ಬೆಸುಗೆಯ ಗೆರೆ ಮುಚ್ಚಲು ಸೀಸ ಮತ್ತು ತವರದ ಮಿಶ್ರಲೋಹ ಬಳಸುತ್ತಿದ್ದರು. ಅದು ಕಾಯಿಸಿದೊಡನೆ ನೀರಾಗುವುದಿಲ್ಲ. ನಡುವೆ ಸ್ವಲ್ಪ ಹೊತ್ತು ಬೆಣ್ಣೆಯಂತೆ ಮೆತ್ತಗಿರುತ್ತದೆ. ಆ ಹದದಲ್ಲೇ ಜಿಡ್ಡು ಸವರಿದ ಮರದ ಹಲಗೆಯಿಂದ ಅದನ್ನು ಹರವಿ, ಆರಿದ ಮೇಲೆ ಅರದಿಂದ ಉಜ್ಜಿ ನಯ ಮಾಡಬೇಕು. ಬೆಂಕಿ ಹೆಚ್ಚಾದರೆ ಎಲ್ಲವೂ ಕರಗಿ ನೆಲಕ್ಕೆ ಸುರಿಯುತ್ತದೆ. ಕೆಲಸ ಚೆನ್ನಾಗಿ ಆಗಿದ್ದರೆ ಎಲ್ಲಿ ಕತ್ತರಿಸಿದ್ದು ಎಂದು ಯಾರಿಗೂ ಗೊತ್ತಾಗಬಾರದು.

ಈ ಕೆಲಸದಲ್ಲಿ ಹೆಸರಾದವರು ಗ್ರೀಕ್ ವಲಸಿಗರ ಮಕ್ಕಳಾದ ಸ್ಯಾಮ್ ಮತ್ತು ಜಾರ್ಜ್ ಬ್ಯಾರಿಸ್. ಲಾಸ್ ಏಂಜಲೀಸ್ ಪಕ್ಕದ ಲಿನ್‌ವುಡ್‌ನಲ್ಲಿ ಅವರ ಗ್ಯಾರೇಜಿತ್ತು. ಬಾಬ್ ಹಿರೋಹಾಟಾ ಎಂಬ ಜಪಾನಿ ಮೂಲದ ಯುವಕ 1951ರ ಮರ್ಕ್ಯುರಿ ಕಾರೊಂದನ್ನು ಅವರಿಗೆ ಒಪ್ಪಿಸಿದ. ಅವರು ಟಾಪು ತಗ್ಗಿಸಿ, ಬಾಗಿಲಿನ ಹಿಂದಿನ ಕಂಬ ತೆಗೆದು, ಬ್ಯೂಯಿಕ್ ಕಾರಿನ ಕ್ರೋಮ್ ಪಟ್ಟಿ ಕೂರಿಸಿ, ಎರಡು ಬಗೆಯ ಹಸಿರು ಬಣ್ಣ ಬಳಿದರು. 1952ರ ಕೊನೆಗೆ ಅದು ಪ್ರದರ್ಶನಕ್ಕೆ ಬಂದಾಗ ಜನ ಮುಗಿಬಿದ್ದರು. ಕೇವಲ ಹತ್ತು ವರ್ಷದ ಹಿಂದೆ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದ ನಾಡು ಇದು. ಅದೇ ನಾಡಿನ ಅತ್ಯಂತ ಪ್ರಸಿದ್ಧ ಕಸ್ಟಮ್ ಕಾರನ್ನು ಇಂದಿಗೂ 'ಹಿರೋಹಾಟಾ ಮರ್ಕ್' ಎಂದೇ ಕರೆಯುತ್ತಾರೆ. ವಲಸೆ ಬಂದ ನಮಗೆ ಇದು ಯೋಚಿಸುವಂಥ ಸಂಗತಿ, ಅಲ್ಲವೇ?

ಹಾಗೆಂದು ಸಮಾಜ ಇವರನ್ನೆಲ್ಲ ಮೆಚ್ಚಿತೆಂದಲ್ಲ. ಬೀದಿಯಲ್ಲಿ ರೇಸ್ ನಡೆಸಿ ಪ್ರಾಣ ಕಳೆದುಕೊಂಡವರಿದ್ದರು. ಪೊಲೀಸರ ಕಣ್ಣಿಗೆ ಹಾಟ್ ರಾಡ್ ಹುಡುಗರೆಲ್ಲ ಪುಂಡರೇ. ಈ ಕೆಟ್ಟ ಹೆಸರು ಕಳೆಯಲು ಒಳಗಿನವರೇ ದುಡಿದರು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ 'ಹಾಟ್ ರಾಡ್' ಪತ್ರಿಕೆ ತೆಗೆದರು. ಅದರ ಸಂಪಾದಕರಾಗಿದ್ದ ವ್ಯಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿ, ಓಟವನ್ನು ಬೀದಿಯಿಂದ ಸುರಕ್ಷಿತ ಪಟ್ಟಿಗಳಿಗೆ ತಂದರು. 1997ರಲ್ಲಿ, ಸಿರಿವಂತರ ಹಳೇ ಕಾರುಗಳಿಗೆ ಹೆಸರಾದ ಪೆಬಲ್ ಬೀಚ್ ಪ್ರದರ್ಶನ ಹಾಟ್ ರಾಡ್‌ಗಳಿಗೂ ಬಾಗಿಲು ತೆರೆಯಿತು. 2014ರಲ್ಲಿ ಅಂಚೆ ಚೀಟಿಯ ಮೇಲೂ ಅವು ಬಂದವು.

ಹಿರೋಹಾಟಾ ಮರ್ಕ್ ಏನಾಯಿತು? ಕೈ ಬದಲಾಗುತ್ತಾ ಹೋಗಿ, 1959ರಲ್ಲಿ ಒಬ್ಬ ಹುಡುಗನಿಗೆ 500 ಡಾಲರಿಗೆ ಸಿಕ್ಕಿತು. ಆತ ಅದನ್ನು ಜೀವನಪೂರ್ತಿ ಕಾಪಾಡಿಕೊಂಡ. 2022ರ ಜನವರಿಯಲ್ಲಿ ಹರಾಜಾದಾಗ ಬಂದ ಬೆಲೆ 19.5 ಲಕ್ಷ ಡಾಲರ್!

ಬೆಲೆ ಕೇಳಿ ಬೆರಗಾಗುತ್ತದೆ ನಿಜ. ಆದರೆ ನನ್ನ ಮನಸ್ಸು ಹೋಗುವುದು ಸ್ಯಾಮ್ ಬ್ಯಾರಿಸ್ ಕಡೆಗೆ. ಟಿವಿಯ ಬ್ಯಾಟ್‌ಮ್ಯಾನ್ ಕಾರು ಮಾಡಿಕೊಟ್ಟ ತಮ್ಮ ಜಾರ್ಜ್ ಲೋಕಪ್ರಸಿದ್ಧರಾದರು. ಗ್ಯಾರೇಜಿನಲ್ಲಿ ತಗಡಿನ ಕೆಲಸದ ಗುರು ಎನಿಸಿದ್ದ ಅಣ್ಣ ಸ್ಯಾಮ್ 1950ರ ದಶಕದಲ್ಲೇ ವೃತ್ತಿ ಬಿಟ್ಟು, 1967ರಲ್ಲಿ ತೀರಿಕೊಂಡರು. ಅವರ ಹೆಸರು ಬಲ್ಲವರು ಕಡಿಮೆ. ಇಂದು 1932ರ ಫೋರ್ಡಿನ ಮೈಯೇ ಹೊಸದಾಗಿ ತಯಾರಾಗಿ ಮಾರಾಟಕ್ಕಿದೆ. ಸೀಸದ ಜಾಗಕ್ಕೆ ಪ್ಲಾಸ್ಟಿಕ್ ಪುಟ್ಟಿ ಬಂದಿದೆ. ಹಣವಿದ್ದವರು ಗುಜರಿ ಮುಟ್ಟದೆಯೇ ಹಾಟ್ ರಾಡ್ ಪಡೆಯಬಹುದು. ಆದರೆ ಲೋಹದ ಹದ ಬಲ್ಲ ಕೈಗಳು ಪಾರ್ಕಿಂಗ್ ಜಾಗದ ಆ ಮಡಚುವ ಕುರ್ಚಿಗಳಲ್ಲಿ ಕುಳಿತು ಮುದಿಯಾಗುತ್ತಿವೆ.

ಮುಂದಿನ ಬಾರಿ ಅಂಥ ಕಾರುಗಳು ಕಂಡರೆ ಮಕ್ಕಳನ್ನೂ ಕರೆದುಕೊಂಡು ಹತ್ತಿರ ಹೋಗಿ. ನನ್ನ ಹಾಗೆ, ಎಲ್ಲಿ ಕೊಂಡಿರಿ ಎಂದು ಕೇಳಬೇಡಿ. ಬೆಸುಗೆ ಎಲ್ಲಿದೆ, ತೋರಿಸುತ್ತೀರಾ ಎಂದು ಕೇಳಿ. ಅರ್ಧ ಗಂಟೆ ಮಾತ್ರ ಕೈಯಲ್ಲಿ ಇಟ್ಟುಕೊಂಡಿರಿ.