ಆಯಿ ತೋಳಿನ ಗುರುತು, ರಾಣಿ ತೋಳಿನ ಗುರುತು

ಫೋಟೋದಾಗ ಇರೋದು ನಮ್ಮ ಆಯಿ ತೋಳು. ಆ ದುಂಡನೆಯ ಗುರುತು ಸಿಡುಬಿನ ಲಸಿಕೇದು. "ದೇವಿ ಹಾಕೋರು ಬಂದ್ರಂದ್ರ ಅಂಜಿ ಬಾಗಿಲ ಹಿಂದ ಅಡಗ್ತಿದ್ದೆ" ಅಂತಾಳ.

ಮೊನ್ನೆ ಕ್ಲಾಸ್ ಗ್ರೂಪಿನಾಗ ಲಸಿಕೆ ಬಗ್ಗೆ ಜಗಳ ಆಯ್ತಲ್ಲ? ಒಬ್ಬರು "ಅದು ವಿಷ" ಅಂದ್ರು. ಒಬ್ಬರು "ನಮ್ಮ ಹಳೇ ಗ್ರಂಥದಾಗ ಮೊದಲೇ ಇತ್ತು" ಅಂತ ಫಾರ್ವರ್ಡ್ ಹಾಕಿದ್ರು. ಮತ್ತೊಬ್ಬರು ಇಬ್ಬರಿಗೂ "ದಡ್ಡರು" ಅಂತ ಬೈದ್ರು. ದೋಸ್ತ್, ಈ ಜಗಳಕ್ಕ 200 ವರ್ಷ ವಯಸ್ಸು.

1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಆಕಳ ಸಿಡುಬಿನಿಂದ ಲಸಿಕೆ ಹಾಕಿ ತೋರಿಸಿದ. 1802ರ ಜೂನ್‌ನಲ್ಲಿ ಮುಂಬೈಯಾಗ ಮೂರು ವರ್ಷದ ಕೂಸಿಗೆ ಹಾಕಿದ್ರು. ಆಗ ಫ್ರಿಜ್ ಇಲ್ಲ. ಒಬ್ಬರ ತೋಳಿನ ಗುಳ್ಳೆಯ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಾಕ್ತಿದ್ರು. ಯಾರ ಮೈದೋ, ಯಾವ ಜಾತೀದೋ ಅಂತ ಜನ ಅಂಜಿದ್ರು. ಜಾತಿ ಮಾತು ಸುಳ್ಳು. ಆದ್ರ ಬೇರೆ ರೋಗ ದಾಟೋ ಅಪಾಯ ಖರೇನೇ ಇತ್ತು. ಅಂದ್ರ ಪ್ರಶ್ನೆ ಕೇಳಿದವರೆಲ್ಲ ದಡ್ಡರಲ್ಲ.

ಜನರನ್ನ ನಂಬಿಸೋಕೆ ಎರಡು ದಾರಿ ಹಿಡಿದ್ರು.

ಒಂದು ಮದ್ರಾಸಿನಾಗ. ಕಂಪನಿ ಅಧಿಕಾರಿ ಎಲ್ಲಿಸ್ ಲಸಿಕೆ ಬಗ್ಗೆ ತಾನೇ ಸಂಸ್ಕೃತ ಪದ್ಯ ಬರೆದ. ಅದನ್ನ ಹಳೇ ಕಾಗದದ ಮ್ಯಾಲ ಬರೆಸಿ, "ಸಿಕ್ಕದ" ಅಂತ ಹೇಳಲಾಯ್ತು ಅಂತ ಜಾನ್ ಮಾಲ್ಕಂ ದಾಖಲಿಸಿದ್ದಾನೆ. ಉದ್ದೇಶ ಒಳ್ಳೇದು, ದಾರಿ ಸುಳ್ಳು. 1819ರಲ್ಲಿ ಮದ್ರಾಸಿನ ಪೇಪರಿನಾಗೂ ಧನ್ವಂತರಿ ಹೆಸರಲ್ಲಿ ಇಂಥದೇ ಒಂದು ಬಂತು. ನಮ್ಮ ಗ್ರೂಪಿನ ಫಾರ್ವರ್ಡ್ ಅದರ ಮೊಮ್ಮಗ!

ಇನ್ನೊಂದು ಮೈಸೂರಿನಾಗ. ಥಾಮಸ್ ಹಿಕಿ ಸುಮಾರು 1805ರಲ್ಲಿ ಬಿಡಿಸಿದ ಚಿತ್ರದಾಗ ಒಬ್ಬಾಕಿ ಸೆರಗು ಸರಿಸಿ ತೋಳು ತೋರಿಸ್ತಾಳ. ಆಕಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸ್ತಿರೋದು ಲಸಿಕೆ ಹಾಕಿದ ಜಾಗ ಅಂತಾರೆ ಇತಿಹಾಸಕಾರ ನೈಜೆಲ್ ಚಾನ್ಸೆಲರ್. ಆಕಿ ಹಾಕಿಸಿಕೊಂಡ ಮ್ಯಾಲ ಜನ ಮುಂದೆ ಬಂದ್ರು ಅಂತ 1806ರ ದಾಖಲೆ ಹೇಳ್ತದ.

ಸುಳ್ಳು ಹೇಳಿ ನಂಬಿಸಿದ್ರ ಆ ಸುಳ್ಳು 200 ವರ್ಷ ಓಡಾಡ್ತದ. ಬಿಚ್ಚಿ ತೋರಿಸಿದ್ರ ನಂಬಿಕೆ ನಿಲ್ತದ. ಇವತ್ತಿನ ಸಂಶೋಧನೆಗೂ ಇದೇ ಮಾತು. ನಮ್ಮಲ್ಲಿ ಕೋವಿಶೀಲ್ಡ್ ಅಂತ ಕೊಟ್ಟ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಅಂತ 2021ರಲ್ಲಿ ಹುಡುಕಿ ಹೇಳಿದವರು ಸಂಶೋಧಕರೇ. ತಪ್ಪನ್ನ ತಾನೇ ಹುಡುಕೋ ವಿಜ್ಞಾನವನ್ನ ನಾನು ಹೆಚ್ಚು ನಂಬ್ತೀನಿ.

1980ರಲ್ಲಿ ಜಗತ್ತೇ ಸಿಡುಬುಮುಕ್ತ ಅಂತ ಘೋಷಣೆ ಆಯ್ತು. ಅದಕ್ಕೇ ಆಯಿ ತೋಳಿನ ಗುರುತು ನಮ್ಮ ತೋಳಿನ ಮ್ಯಾಲಿಲ್ಲ. ನಿಮ್ಮ ಮನ್ಯಾಗ ಆಯಿ, ಮುತ್ಯಾನ ತೋಳು ನೋಡ್ರಿ. ಕಥಿ ಕೇಳಿ ಕಾಮೆಂಟ್‌ನಾಗ ಬರೀರಿ.

#ನಮ್ಮಇತಿಹಾಸ #ಚಂದಾಪುರ