ಕಲ್ಲಚ್ಚಿನಿಂದ ಜಾಲತಾಣಕ್ಕೆ: ಒಂದು ಸರಳ ಸಾಧನದ ಇತಿಹಾಸ

ನಮ್ಮ ಸಂಘದ ಹಳೆಯ ಸ್ಮರಣ ಸಂಚಿಕೆಗಳನ್ನು ಅಂತರ್ಜಾಲದಲ್ಲಿ ಇರಿಸಬೇಕೆಂಬ ನಿರ್ಣಯವನ್ನು ಕಾರ್ಯಕಾರಿ ಸಮಿತಿಯು ಹಲವು ವರ್ಷಗಳ ಹಿಂದೆಯೇ ಕೈಗೊಂಡಿತ್ತು. ಅದರಂತೆ ದೂರದ ಪಟ್ಟಣದ ಸಂಸ್ಥೆಯೊಂದು ಜಾಲತಾಣವನ್ನು ಸಿದ್ಧಪಡಿಸಿಕೊಟ್ಟಿತು. ಉದ್ಘಾಟನೆಯ ದಿನ ದೀಪ ಬೆಳಗಿಸಿ, ಪರದೆಯ ಮೇಲೆ ನಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಕಂಡು ಎಲ್ಲರೂ ಹರ್ಷಪಟ್ಟೆವು. ಮರುತಿಂಗಳೇ ಕಷ್ಟ ಆರಂಭವಾಯಿತು. ಕಾರ್ಯಕ್ರಮದ ಒಂದು ದಿನಾಂಕವನ್ನು ಬದಲಿಸಬೇಕಾದರೂ ಆ ಸಂಸ್ಥೆಗೆ ಬರೆಯಬೇಕು, ಶುಲ್ಕ ತೆರಬೇಕು, ವಾರಗಟ್ಟಲೆ ಕಾಯಬೇಕು. ಕೆಲವು ವರ್ಷಗಳಲ್ಲಿ ಸಂಸ್ಥೆಯೇ ಬಾಗಿಲು ಮುಚ್ಚಿತು. ಅದರೊಂದಿಗೆ ನಮ್ಮ ಜಾಲತಾಣವೂ ಮರೆಯಾಯಿತು. ಅಲ್ಲಿದ್ದ ಸಂಚಿಕೆಗಳಲ್ಲಿ ಎರಡರ ಮುದ್ರಿತ ಪ್ರತಿ ಇಂದು ಸಂಘದ ಕಪಾಟಿನಲ್ಲಿಲ್ಲ. ಅವುಗಳಿಗೆ ಬರೆದ ಹಿರಿಯರಲ್ಲಿ ಹಲವರು ಈಗ ನಮ್ಮೊಡನಿಲ್ಲ.

ಹೋದ ವರ್ಷ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದಿದ್ದಾಗ ಈ ಸಂಗತಿಯನ್ನು ಅವನ ಮುಂದಿಟ್ಟೆವು. ಜಾಲತಾಣಗಳ ವಿನ್ಯಾಸವೇ ಅವನ ವೃತ್ತಿ. ಎಲ್ಲವನ್ನೂ ಕೇಳಿ ಅವನೆಂದ: "ಮಾಷ್ಟ್ರೇ, ಮನೆ ಕಟ್ಟಿದ ಮೇಸ್ತ್ರಿಯೇ ಬೀಗದಕೈ ಇಟ್ಟುಕೊಂಡರೆ ಆಗ್ತದಾ? ಸಣ್ಣದೊಂದು ವ್ಯವಸ್ಥೆ ಸಾಕು. ಬರೆಯುವವರು ನೀವು, ತಿದ್ದುವವರೂ ನೀವೇ ಆಗಬೇಕು." ತನ್ನ ವೃತ್ತಿಬಾಂಧವರು ದೊಡ್ಡ ಯಂತ್ರಗಳಿಗಿಂತ ಸರಳವೂ ಬೇಕಾದಂತೆ ಬಾಗುವಂಥದೂ ಆದ ವ್ಯವಸ್ಥೆಯನ್ನೇ ಮೆಚ್ಚುತ್ತಾರೆ ಎಂದೂ ಹೇಳಿದ. ಏಕೆ ಎಂದು ತಿಳಿಯಲು ಹೊರಟ ನಮಗೆ ಅದರ ಹಿಂದೆ ಒಂದು ಇತಿಹಾಸವೇ ಇದೆಯೆಂದು ಗೊತ್ತಾಯಿತು. ಅದನ್ನು ಸದಸ್ಯರೊಂದಿಗೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಈ ಇತಿಹಾಸವನ್ನು ಅರಿಯಲು ನಮ್ಮ ನೆರೆಯ ಮಂಗಳೂರಿನಿಂದಲೇ ಆರಂಭಿಸುವುದು ಸುಲಭ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅವರು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆಯೆಂದು ಅದು ಮಾನ್ಯವಾಗಿದೆ. ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಇಡಿಯ ಪುಟವನ್ನು ಕೈಯಿಂದ ಬರೆದು ಕಲ್ಲಿನ ಮೇಲೆ ಮೂಡಿಸಿ, ಅದರಿಂದ ಪ್ರತಿಗಳನ್ನು ತೆಗೆಯುವ ಕ್ರಮವದು. ಅಲ್ಲಿ ವಿಷಯ ಬೇರೆ, ರೂಪ ಬೇರೆ ಎಂಬುದಿಲ್ಲ. ಎರಡೂ ಒಂದೇ ಕಲ್ಲಿಗೆ ಅಂಟಿಕೊಂಡಿರುತ್ತವೆ. ಒಂದು ಸಾಲನ್ನು ಸೇರಿಸಬೇಕಾದರೆ ಪುಟವನ್ನೇ ಮತ್ತೆ ಬರೆಯಬೇಕಾದೀತು. ಮರುವರ್ಷ, 1844ರಲ್ಲಿ, ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವೆಂಬ ಹೆಸರನ್ನು ತಳೆಯಿತು. ಅಲ್ಲಿ ಅಚ್ಚುಮೊಳೆಯ ಸೌಕರ್ಯವಿತ್ತು. ಮೊಳೆಯ ಮುದ್ರಣದಲ್ಲಿ ಅಕ್ಷರಗಳು ಬಿಡಿಬಿಡಿ. ತಪ್ಪಿದ ಮೊಳೆಯನ್ನು ಕಿತ್ತು ಸರಿಯಾದುದನ್ನು ಕೂರಿಸಬಹುದು, ಅದೇ ಮೊಳೆಗಳಿಂದ ನಾಳೆ ಬೇರೊಂದು ಪುಟವನ್ನು ಕಟ್ಟಬಹುದು.

ಜಾಲತಾಣಗಳ ಚರಿತ್ರೆಯೂ ಕಲ್ಲಚ್ಚಿನಿಂದ ಮೊಳೆಗೆ ಸಾಗಿದ ಇಂಥದೇ ಪಯಣ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ವಿಜ್ಞಾನಿ 1989ರ ಮಾರ್ಚಿನಲ್ಲಿ ವಿಶ್ವವ್ಯಾಪಿ ಜಾಲದ ಪ್ರಸ್ತಾವವನ್ನು ಮುಂದಿಟ್ಟರು. 1991ರಲ್ಲಿ ಅದು ಹೊರಜಗತ್ತಿಗೆ ತೆರೆಯಿತು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಈ ತಂತ್ರವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸಾರಿತು. ಜಾಲವು ಇಷ್ಟು ಬೇಗ ಹಬ್ಬಲು ಆ ಔದಾರ್ಯವೂ ಮುಖ್ಯ ಕಾರಣ.

ಆರಂಭದ ಪುಟಗಳು ಕಲ್ಲಚ್ಚಿನ ಪುಟಗಳಂತೆಯೇ ಇದ್ದವು. ಲೇಖನದ ಮಾತುಗಳು, ತಲೆಬರಹದ ಗಾತ್ರ, ಬಣ್ಣ, ಪಕ್ಕದ ಪಟ್ಟಿ ಎಲ್ಲವೂ ಒಂದೇ ಕಡತದಲ್ಲಿ ಬೆರೆತಿರುತ್ತಿದ್ದವು. ನೂರು ಪುಟಗಳ ತಾಣದಲ್ಲಿ ಸಂಸ್ಥೆಯ ವಿಳಾಸ ಬದಲಾದರೆ ನೂರು ಕಡತಗಳನ್ನೂ ತೆರೆದು ತಿದ್ದಬೇಕು. ವಿನ್ಯಾಸಕಾರನ ಅರ್ಧ ಆಯುಷ್ಯ ಇಂಥ ತಿದ್ದುಪಡಿಯಲ್ಲೇ ಕಳೆಯುತ್ತಿತ್ತು. 1994ರಲ್ಲಿ ನಾರ್ವೆಯ ಹೋಕನ್ ವಿಯುಮ್ ಲೀ ಎಂಬವರು ರೂಪದ ನಿಯಮಗಳನ್ನು ಬೇರೆಯಾಗಿ ಬರೆದಿಡುವ ಸಿಎಸ್‌ಎಸ್ ಎಂಬ ಕ್ರಮವನ್ನು ಸೂಚಿಸಿದರು. 1996ರ ಡಿಸೆಂಬರಿನಲ್ಲಿ ಅದು ಶಿಷ್ಟ ಮಾನದಂಡವಾಯಿತು. ರೂಪ ಹೀಗೆ ವಿಷಯದಿಂದ ಬಿಡಿಸಿಕೊಂಡಿತು. ಇನ್ನು ವಿಷಯಕ್ಕೊಂದು ಉಗ್ರಾಣ ಬೇಕಿತ್ತು. ಲೇಖನಗಳನ್ನು ದತ್ತಸಂಚಯದಲ್ಲಿ ಇಟ್ಟು, ಓದುಗನು ಕೇಳಿದೊಡನೆ ಮಾದರಿ ಪುಟವೊಂದಕ್ಕೆ ತುಂಬಿ ಕೊಡುವ ಯಂತ್ರಾಂಗಕ್ಕೆ ವಿಷಯ ನಿರ್ವಹಣಾ ವ್ಯವಸ್ಥೆ ಎಂದು ಹೆಸರು.

1990ರ ದಶಕದ ಕೊನೆಗೆ ದೊಡ್ಡ ಸಂಸ್ಥೆಗಳು ಬಹಳ ಹಣ ಕೊಟ್ಟು ಇಂಥ ವ್ಯವಸ್ಥೆಗಳನ್ನು ಕೊಂಡವು. ಆದರೆ ಅವುಗಳ ಬಗ್ಗೆ ವಿನ್ಯಾಸಕಾರರಿಗೆ ಅಸಮಾಧಾನವಿತ್ತು. ಪುಟ ಹೇಗೆ ಕಾಣಬೇಕೆಂಬುದನ್ನು ಯಂತ್ರವೇ ನಿರ್ಧರಿಸುತ್ತಿತ್ತು. ಹೊರಬಂದ ಪುಟದೊಳಗೆ ಬೇಡದ ಸಂಕೇತಗಳು ತುಂಬಿರುತ್ತಿದ್ದವು. ಸಣ್ಣ ಬದಲಾವಣೆಗೂ ತಂತ್ರಜ್ಞರ ಬಾಗಿಲು ಕಾಯಬೇಕಿತ್ತು. ಬರೆಯುವವನ ಮುಂದೆ ಹತ್ತಾರು ಗುಂಡಿಗಳು, ಇಪ್ಪತ್ತಾರು ಖಾನೆಗಳು ಬಂದು ನಿಲ್ಲುತ್ತಿದ್ದವು. ನೂರು ಸೌಲಭ್ಯಗಳಿರುವ ಯಂತ್ರದಲ್ಲಿ ನಮಗೆ ಬೇಕಾದದ್ದು ಐದಾದರೆ, ಉಳಿದ ತೊಂಬತ್ತೈದು ದಾರಿಗೆ ಅಡ್ಡ.

ಪರಿಹಾರ ಬಂದದ್ದು ಚಿಕ್ಕವರಿಂದ. 1999ರ ಆಗಸ್ಟಿನಲ್ಲಿ ಪೈರಾ ಲ್ಯಾಬ್ಸ್ ಎಂಬ ಪುಟ್ಟ ಕಂಪೆನಿ 'ಬ್ಲಾಗರ್' ಅನ್ನು ಹೊರತಂದಿತು. ದಿನಚರಿ ಬರೆಯುವಷ್ಟು ಸುಲಭವಾಗಿ ಜಾಲದಲ್ಲಿ ಬರೆಯಬಹುದೆಂದು ಜನರು ಅರಿತರು. 2001ರ ಅಕ್ಟೋಬರಿನಲ್ಲಿ ಬೆನ್ ಮತ್ತು ಮೀನಾ ಟ್ರಾಟ್ ಎಂಬ ದಂಪತಿ 'ಮೂವಬಲ್ ಟೈಪ್' ಎಂಬ ತಂತ್ರಾಂಶವನ್ನು ಪ್ರಕಟಿಸಿದರು. ಆ ಹೆಸರಿನ ಅರ್ಥವೇ ಬಿಡಿ ಅಚ್ಚುಮೊಳೆ. ಮಾದರಿ ಪುಟಗಳು ವಿನ್ಯಾಸಕಾರನ ಕೈಯಲ್ಲಿ, ಬರವಣಿಗೆ ಲೇಖಕನ ಕೈಯಲ್ಲಿ ಎಂಬ ಕೆಲಸದ ಹಂಚಿಕೆ ಅದರಲ್ಲಿ ಸ್ಪಷ್ಟವಾಗಿತ್ತು. ಡೀನ್ ಅಲೆನ್ ಎಂಬ ಲೇಖಕ-ವಿನ್ಯಾಸಕರು ರೂಪಿಸಿದ 'ಟೆಕ್ಸ್ಟ್‌ಪ್ಯಾಟರ್ನ್' ಕೂಡ ಇದೇ ಮಾರ್ಗದ್ದು. ಸಾದಾ ಬರವಣಿಗೆಯಲ್ಲೇ ಕೆಲವು ಚಿಹ್ನೆಗಳನ್ನಿಟ್ಟರೆ ತಾನಾಗಿ ಶುದ್ಧವಾದ ಪುಟವಾಗುವ ಕ್ರಮವನ್ನೂ ಅವರು ಅದರಲ್ಲಿ ಅಳವಡಿಸಿದರು. ಅಕ್ಷರದ ಅಂದವನ್ನು ಬಲ್ಲವರು ಮಾಡಿದ ಸಾಧನವಾದ್ದರಿಂದ ಅದು ವಿನ್ಯಾಸಕಾರರ ಮನಸ್ಸಿಗೆ ಹತ್ತಿರವಾಯಿತು.

2003ರ ಕಥೆ ನಮ್ಮಂಥ ಸಂಘಗಳಿಗೆ ಹೆಚ್ಚು ಬೋಧಪ್ರದ. ಮಿಷೆಲ್ ವಾಲ್ಡ್ರಿಘಿ ಎಂಬವರು ರಚಿಸಿದ 'ಬಿ2' ಎಂಬ ತಂತ್ರಾಂಶ ಆ ಹೊತ್ತಿಗೆ ಪೋಷಣೆಯಿಲ್ಲದೆ ನಿಂತುಹೋಗಿತ್ತು. ಆದರೆ ಅದು ಮುಕ್ತ ಪರವಾನಗಿಯದು; ಅದರ ಮೂಲವನ್ನು ಯಾರು ಬೇಕಾದರೂ ಓದಿ, ತಿದ್ದಿ, ಮುಂದುವರಿಸಬಹುದಿತ್ತು. ಅಮೆರಿಕದ 19 ವಯಸ್ಸಿನ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟ್ಲ್ ಅದನ್ನು ಕೈಗೆತ್ತಿಕೊಂಡು, 2003ರ ಮೇ 27ರಂದು 'ವರ್ಡ್‌ಪ್ರೆಸ್' ಎಂಬ ಹೆಸರಿನಲ್ಲಿ ಹೊರತಂದರು. ಮರುವರ್ಷ ಮೂವಬಲ್ ಟೈಪ್ ತನ್ನ ಹೊಸ ಆವೃತ್ತಿಗೆ ಪರವಾನಗಿಯ ನಿಯಮಗಳನ್ನು ಬದಲಿಸಿ ಶುಲ್ಕ ವಿಧಿಸಿದಾಗ ಬೇಸರಗೊಂಡ ಅನೇಕರು ವರ್ಡ್‌ಪ್ರೆಸ್ಸಿನತ್ತ ಬಂದರು. 2005ರ ಫೆಬ್ರವರಿಯ ಆವೃತ್ತಿಯಲ್ಲಿ ಥೀಮುಗಳೆಂಬ ಸಿದ್ಧ ವಿನ್ಯಾಸಗಳ ಏರ್ಪಾಡು ಸೇರಿತು. ಒಳಗಿನ ಲೇಖನಗಳನ್ನು ಮುಟ್ಟದೆ ಹೊರಗಿನ ಉಡುಪನ್ನು ಬದಲಿಸಲು ಇದರಿಂದ ಸಾಧ್ಯವಾಯಿತು. ಇಂದು ಜಗತ್ತಿನ ಜಾಲತಾಣಗಳಲ್ಲಿ ಹತ್ತಕ್ಕೆ ನಾಲ್ಕರಷ್ಟು ಇದರ ಮೇಲೆಯೇ ನಿಂತಿವೆ. ಒಬ್ಬರು ಬಿಟ್ಟ ಕೆಲಸವನ್ನು ಇನ್ನೊಬ್ಬರು ಮುಂದುವರಿಸಲು ಅವಕಾಶವಿದ್ದುದರಿಂದಲೇ ಇದಾಯಿತು. ನಮ್ಮ ಹಳೆಯ ಜಾಲತಾಣಕ್ಕೆ ಈ ಭಾಗ್ಯವಿರಲಿಲ್ಲ.

ಇದೇ ಕಾಲದಲ್ಲಿ ಬೆಲ್ಜಿಯಂ ದೇಶದ ಡ್ರೀಸ್ ಬೈಟಾರ್ಟ್ 2001ರಲ್ಲಿ 'ಡ್ರೂಪಲ್' ಅನ್ನು ಬಿಡುಗಡೆ ಮಾಡಿದರು. 2005ರಲ್ಲಿ 'ಜೂಮ್ಲಾ' ಹುಟ್ಟಿತು. ಎಲ್ಲರೂ ಒಟ್ಟಾಗಿ ಎಂಬ ಅರ್ಥದ ಸ್ವಾಹಿಲಿ ಮಾತಿನಿಂದ ಬಂದ ಹೆಸರದು. ಸರಳತೆಯ ದೃಷ್ಟಿಯಿಂದ ಇವು ಒಂದೇ ಸಮನಲ್ಲ. ಡ್ರೂಪಲ್ ಕಲಿಯಲು ಹೆಚ್ಚು ಶ್ರಮ ಬೇಕು. ಅದಕ್ಕೆ ತಕ್ಕ ಶಕ್ತಿಯೂ ಉಂಟು.

ಇನ್ನು ಕನ್ನಡದ ಮಾತು. ಯು.ಬಿ. ಪವನಜ ಅವರು 1996ರಲ್ಲಿಯೇ 'ವಿಶ್ವಕನ್ನಡ'ವನ್ನು ಅಂತರ್ಜಾಲಕ್ಕೆ ತಂದರು. ಅಂದು ಕನ್ನಡದ ದಾರಿ ಕಠಿಣವಾಗಿತ್ತು. ಗಣಕದ ಒಳಗೆ ಇರುತ್ತಿದ್ದುದು ರೋಮನ್ ಅಕ್ಷರದ ಸಂಕೇತ. ಅದರ ಮೇಲೆ ಕನ್ನಡದ ಫಾಂಟು ಹೊದಿಸಿದಾಗ ಮಾತ್ರ ಕನ್ನಡ ಕಾಣುತ್ತಿತ್ತು. ಓದುಗನ ಗಣಕದಲ್ಲಿ ಆ ಫಾಂಟು ಇಲ್ಲದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ವಿಷಯವೂ ರೂಪವೂ ಇಲ್ಲಿಯೂ ಒಂದೇ ಕಲ್ಲಿಗೆ ಅಂಟಿಕೊಂಡಿದ್ದವು. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತಾದರೂ, ಮನೆಮನೆಯ ಗಣಕಗಳಲ್ಲಿ ಅದು ಕೆಲಸ ಮಾಡತೊಡಗಿದ್ದು 2001ರಲ್ಲಿ 'ತುಂಗ' ಫಾಂಟಿನೊಂದಿಗೆ ವಿಂಡೋಸ್ ಎಕ್ಸ್‌ಪಿ ಬಂದ ಬಳಿಕ. ಅಲ್ಲಿಂದ ಮುಂದೆ 'ಕ' ಎಂದರೆ ಎಲ್ಲ ಗಣಕಗಳಲ್ಲಿಯೂ 'ಕ' ಆಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರು ಡ್ರೂಪಲ್ ಬಳಸಿ ಕಟ್ಟಿದ 'ಸಂಪದ'ದಲ್ಲಿ ನೂರಾರು ಮಂದಿ ಹೊಸ ಬರೆಹಗಾರರು ಕನ್ನಡದಲ್ಲಿ ಬರೆದರು. ದುಬಾರಿ ಯಂತ್ರವೊಂದನ್ನು ಕಾಯುತ್ತ ಕುಳಿತಿದ್ದರೆ ಆ ಬರೆಹಗಳು ಹುಟ್ಟುತ್ತಿದ್ದವೆಂದು ನಮಗೆ ತೋರುವುದಿಲ್ಲ.

ಹಾಗಾದರೆ ವಿನ್ಯಾಸಕಾರರ ಒಲವಿಗೆ ಕಾರಣಗಳೇನು? ನಾವು ಕಂಡುಕೊಂಡಂತೆ ನಾಲ್ಕು. ಮೊದಲನೆಯದು, ಪುಟದ ರೂಪ ಅವರ ಕೈಯಲ್ಲಿಯೇ ಉಳಿಯುತ್ತದೆ. ಎರಡನೆಯದು, ಬರೆಯುವವರು ತಾವೇ ಬರೆದು ತಿದ್ದಿಕೊಳ್ಳುವುದರಿಂದ ದಿನಾಂಕ ಬದಲಿಸುವ ಕೆಲಸಕ್ಕೆ ಅವರನ್ನು ಕರೆಯಬೇಕಿಲ್ಲ. ಮೂರನೆಯದು, ಇಂದು ಹತ್ತು ಲೇಖನಕ್ಕೆ ಮಾಡಿದ್ದು ನಾಳೆ ಚಿತ್ರಸಂಪುಟಕ್ಕೋ ಸದಸ್ಯರ ಪಟ್ಟಿಗೋ ಬೇಕಾದಾಗ ಅಷ್ಟನ್ನು ಮಾತ್ರ ಜೋಡಿಸಬಹುದು. ನಾಲ್ಕನೆಯದು, ವಿಷಯವೆಲ್ಲ ಒಂದೆಡೆ ಶುದ್ಧವಾಗಿ ಇರುವುದರಿಂದ ಅದನ್ನು ಹೊತ್ತು ಬೇರೆ ಮನೆಗೆ ಹೋಗಬಹುದು. ಕೊನೆಯ ಕಾರಣವೇ ನಮಗೆ ಎಲ್ಲಕ್ಕಿಂತ ಮಿಗಿಲಾಗಿ ತೋರಿದೆ.

ಸರಳ ಸಾಧನಕ್ಕೂ ಆರೈಕೆ ಬೇಕೆಂಬುದನ್ನು ಮರೆಯಬಾರದು. ಕಾಲಕಾಲಕ್ಕೆ ಹೊಸ ಆವೃತ್ತಿಗೆ ಏರಿಸದಿದ್ದರೆ ಕಳ್ಳರಿಗೆ ಕಿಂಡಿ ಸಿಗುತ್ತದೆ. ಪ್ಲಗಿನ್ ಎಂಬ ಜೋಡಣೆಗಳನ್ನು ಕಂಡಕಂಡಂತೆ ಸೇರಿಸಿದರೆ ಸರಳವಾದದ್ದೂ ಗೋಜಲಾಗುತ್ತದೆ. ಬೆಳೆದಂತೆಲ್ಲ ವ್ಯವಸ್ಥೆಗಳು ತಾವೇ ಭಾರವಾಗುವುದೂ ಉಂಟು. 2018ರ ಡಿಸೆಂಬರಿನಲ್ಲಿ ವರ್ಡ್‌ಪ್ರೆಸ್ ತನ್ನ ಹೊಸ ಬರವಣಿಗೆ ಫಲಕಕ್ಕೆ ಮುದ್ರಣದ ಪಿತಾಮಹನ ನೆನಪಿನಲ್ಲಿ 'ಗುಟೆನ್‌ಬರ್ಗ್' ಎಂದು ಹೆಸರಿಟ್ಟು ತಂದಾಗ, ಹಳೆಯದೇ ಸುಲಭವಾಗಿತ್ತು ಎಂದವರು ಬಹಳ ಮಂದಿ. 2008ರಲ್ಲಿ ಬಂದ 'ಜೆಕಿಲ್' ಮೊದಲಾದ ಸಾಧನಗಳು ದತ್ತಸಂಚಯವೇ ಇಲ್ಲದೆ, ಸಾದಾ ಕಡತಗಳಿಂದಲೇ ಪುಟಗಳನ್ನು ಸಿದ್ಧಪಡಿಸುತ್ತವೆ. ಒಮ್ಮೆ ಬರೆದು ಹಾಗೆಯೇ ಉಳಿಸಬೇಕಾದ ತಾಣಗಳಿಗೆ ಅದೇ ಸಾಕೆನ್ನುವ ವಿನ್ಯಾಸಕಾರರೂ ಇದ್ದಾರೆ. ಯಾವುದು ಸರಳವೆಂಬುದು ಯಾರ ಕೈಗೆ, ಯಾವ ಕೆಲಸಕ್ಕೆ ಎಂಬುದನ್ನು ನೋಡಿ ಹೇಳಬೇಕಾದ ಮಾತು.

1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿಯ ಕನ್ನಡದ ದಾಖಲೆಗಳನ್ನು ಕಾಯುವ ಹೊಣೆ ಬಹುಮಟ್ಟಿಗೆ ನಮ್ಮ ಮೇಲೆಯೇ ಬಿದ್ದಿದೆ. ಶಾಲೆಯ ವಾರ್ಷಿಕೋತ್ಸವದ ಆಮಂತ್ರಣ, ಯಕ್ಷಗಾನ ಕೂಟದ ಕರಪತ್ರ, ಸಂಘದ ವರದಿ ಇವೆಲ್ಲವೂ ನಾಳೆ ಇತಿಹಾಸ ಬರೆಯುವವನಿಗೆ ಆಕರಗಳು. ಅವನ್ನು ನಾವು ಉಳಿಸದಿದ್ದರೆ ಮತ್ತೊಬ್ಬರು ಉಳಿಸುವರೆಂದು ನಂಬಿ ಕೂರುವಂತಿಲ್ಲ.

ಆ ಶಿಷ್ಯನ ನೆರವಿನಿಂದ ಸಂಘದ ಹೊಸ ಜಾಲತಾಣ ಈಗ ಸಿದ್ಧವಾಗಿದೆ. ಅದರಲ್ಲಿ ಥಳಕಿಲ್ಲ. ಲೇಖನಗಳೆಲ್ಲ ಯೂನಿಕೋಡಿನಲ್ಲಿವೆ, ಅವುಗಳ ಪೂರ್ಣ ಪ್ರತಿಯೊಂದು ಪ್ರತಿ ತಿಂಗಳೂ ಸಂಘದ ಕಚೇರಿಗೆ ಬಂದು ಸೇರುತ್ತದೆ, ಬೀಗದಕೈ ಮೂವರು ಪದಾಧಿಕಾರಿಗಳ ಬಳಿ ಇದೆ. ಗಣಕವೆಂದರೆ ಹೆದರುತ್ತಿದ್ದ ನಾವು ಎಪ್ಪತ್ತು ದಾಟಿದ ಮೇಲೆ ಮೂರು ಮಧ್ಯಾಹ್ನಗಳಲ್ಲಿ ಲೇಖನ ಏರಿಸುವುದನ್ನು ಕಲಿತೆವು. ಮೊದಲ ದಿನ ಶೀರ್ಷಿಕೆಯಲ್ಲಿಯೇ ಕಾಗುಣಿತ ತಪ್ಪಿತು. ಅದನ್ನು ನಾವೇ ತಿದ್ದಿದಾಗ, ಈ ವ್ಯವಸ್ಥೆ ಏಕೆ ಮೇಲು ಎಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಇನ್ನು ಉಳಿದಿರುವುದು ಕಳೆದುಹೋದ ಆ ಎರಡು ಸಂಚಿಕೆಗಳು. ಸದಸ್ಯರ ಮನೆಗಳ ಅಟ್ಟದಲ್ಲಿ, ಹಳೆಯ ಪೆಟ್ಟಿಗೆಯಲ್ಲಿ, ಅಜ್ಜಂದಿರ ಪುಸ್ತಕಗಳ ನಡುವೆ ಅವುಗಳ ಪ್ರತಿ ಇದ್ದೀತು. ಮುಖಪುಟ ಹರಿದಿರಲಿ, ಗೆದ್ದಲು ಅಂಚು ತಿಂದಿರಲಿ, ಅಡ್ಡಿಯಿಲ್ಲ. ಸಮ್ಮೇಳನಕ್ಕೆ ಬರುವಾಗ ದಯವಿಟ್ಟು ಜೊತೆಯಲ್ಲಿ ತನ್ನಿರಿ. ಅಕ್ಷರ ಅಕ್ಷರವಾಗಿ ಕೂಡಿಸಿ ಮತ್ತೆ ಓದುಗರ ಮುಂದಿಡುವ ಕೆಲಸ ನಮ್ಮದು.