ಅಂಡಾಶಯ ಮತ್ತು ಭ್ರೂಣ ಸಂರಕ್ಷಣೆ: ಕರ್ನಾಟಕದ ನೆಲೆಯಿಂದ ಒಂದು ಚರಿತ್ರೆ

ಹೆಣ್ಣಿನ ಅಂಡಾಣು, ಅಂಡಾಶಯದ ಹೊರಪದರದ ತೆಳು ಚೂರು ಅಥವಾ ಪ್ರಯೋಗಾಲಯದಲ್ಲಿ ಬೆಳೆದ ಎಳೆಯ ಭ್ರೂಣವನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಕಾಪಿಟ್ಟು, ಬೇಕಾದಾಗ ಕರಗಿಸಿ ಬಳಸುವ ವಿದ್ಯೆಯನ್ನು ಫಲವತ್ತತೆಯ ಸಂರಕ್ಷಣೆ ಎನ್ನುತ್ತಾರೆ. ಇದರ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಇರುವುದು ಕ್ಯಾನ್ಸರ್ ಚಿಕಿತ್ಸೆಗೆ ಹೊರಟ ಹುಡುಗಿಯರಿಗೆ ಮತ್ತು ಎಳೆಯ ಹೆಂಗಸರಿಗೆ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಿದ್ದಾಗ ಅದರ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವಾಗ ಉಳಿಯುವುದು 10ರಿಂದ 20 ಲಕ್ಷ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ. ಕಳೆದುಹೋದದ್ದು ಮತ್ತೆ ಹುಟ್ಟುವುದಿಲ್ಲ. ಸೈಕ್ಲೊಫಾಸ್ಫಮೈಡ್‌ನಂಥ ಔಷಧಿಗಳೂ ಹೊಟ್ಟೆಯ ಭಾಗಕ್ಕೆ ಕೊಡುವ ವಿಕಿರಣವೂ ಈ ದಾಸ್ತಾನನ್ನು ಕೆಲವೇ ತಿಂಗಳಲ್ಲಿ ಬರಿದು ಮಾಡಬಲ್ಲವು.

ಹೆಪ್ಪುಗಟ್ಟಿಸುವುದರಲ್ಲಿರುವ ತೊಡಕು ನೀರಿನದು. ಜೀವಕೋಶದೊಳಗಿನ ನೀರು ಮಂಜಾಗುವಾಗ ಹುಟ್ಟುವ ಹರಳುಗಳು ಕೋಶವನ್ನು ಸೀಳಿಬಿಡುತ್ತವೆ. 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಎಂಬ ವಿಜ್ಞಾನಿಗಳು ಗ್ಲಿಸರಾಲ್ ಬೆರೆಸಿದರೆ ಹುಂಜದ ವೀರ್ಯಾಣು ಈ ಹಾನಿಯಿಂದ ಪಾರಾಗುತ್ತದೆಂದು ಕಂಡುಕೊಂಡರು. ಈ ಅರಿವು ಕರ್ನಾಟಕದ ಹಳ್ಳಿಗಳಿಗೆ ಮೊದಲು ಬಂದದ್ದು ಆಸ್ಪತ್ರೆಯ ಮೂಲಕವಲ್ಲ, ಕೊಟ್ಟಿಗೆಯ ಮೂಲಕ. ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ನೆಲೆಗೊಂಡ ಘನೀಕೃತ ವೀರ್ಯ ಕೇಂದ್ರ ಮತ್ತು ಆಮೇಲಿನ ಹಾಲು ಒಕ್ಕೂಟಗಳಿಂದಾಗಿ, ಹಸು ಬೆದೆಗೆ ಬಂದಾಗ ಸಾರಜನಕದ ಕ್ಯಾನಿನಿಂದ ವೀರ್ಯದ ನಳಿಕೆ ತೆಗೆಯುವುದು ರೈತರಿಗೆ ಪರಿಚಿತ ದೃಶ್ಯವಾಯಿತು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳು ಶಿವಮೊಗ್ಗ ಹಾಲು ಒಕ್ಕೂಟದ ವ್ಯಾಪ್ತಿಯಲ್ಲಿವೆ. ಇಲ್ಲಿನ ಹೈನುಗಾರರಿಗೆ ಕೃತಕ ಗರ್ಭಧಾರಣೆ ದಶಕಗಳ ಹಳೆಯ ಮಾತು. ಮನುಷ್ಯರ ವಿಷಯದಲ್ಲಿ ಅದೇ ವಿದ್ಯೆ ಬಹಳ ತಡವಾಗಿ, ಬಹಳ ದೂರದಲ್ಲಿ ಬೇರೂರಿತು.

ತಡವಾದುದಕ್ಕೆ ಒಂದು ಕಾರಣ, ಫಲವತ್ತತೆಯ ಸಂಶೋಧನೆಯ ಗುರಿಯೇ ಆಗ ಬೇರೆಯಾಗಿತ್ತು. ಜನಸಂಖ್ಯೆ ತಗ್ಗಿಸುವುದೇ ಚಿಂತೆ. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರದ ವತಿಯಿಂದಲೇ ಸಂತಾನ ನಿಯಂತ್ರಣ ಕ್ಲಿನಿಕ್ಕುಗಳನ್ನು ತೆರೆಯಿತು. ಜಗತ್ತಿನಲ್ಲಿ ಯಾವ ಸರ್ಕಾರವೂ ಅದಕ್ಕೆ ಮೊದಲು ಹಾಗೆ ಮಾಡಿರಲಿಲ್ಲವೆಂದು ಚರಿತ್ರಕಾರರು ದಾಖಲಿಸುತ್ತಾರೆ. 1951–52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಮೈಸೂರು ಜನಸಂಖ್ಯಾ ಅಧ್ಯಯನ ನಡೆಸಿದವು. ಅದೇ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ರಾಮನಗರದ ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟು, ಗರ್ಭ ನಿಲ್ಲದ ದಿನಗಳನ್ನು ಎಣಿಸಲು ಕಲಿಸುವ ಪ್ರಯೋಗವೂ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಮತ್ತು ಸಂಗಡಿಗರು ಅಂಡಾಶಯವನ್ನು ನಡೆಸುವ ಹಾರ್ಮೋನುಗಳನ್ನು ಕೋತಿಗಳಲ್ಲಿ ದೀರ್ಘಕಾಲ ಅಧ್ಯಯನ ಮಾಡಿದರು. ಬಸಿರು ತಡೆಯುವ ದಾರಿ ಹುಡುಕಿದ ಇಂಥ ಕೆಲಸಗಳೇ ಬಸಿರು ನಿಲ್ಲುವಂತೆ ಮಾಡುವ ವಿದ್ಯೆಗೂ ಅಡಿಗಲ್ಲಾದವು.

ಭ್ರೂಣ ಸಂರಕ್ಷಣೆಯ ಭಾರತೀಯ ಚರಿತ್ರೆ ಕಲ್ಕತ್ತೆಯಲ್ಲಿ ಹುಟ್ಟಿ, ಬೆಂಗಳೂರಿನ ಪತ್ರಿಕೆಯೊಂದರಲ್ಲಿ ನ್ಯಾಯ ಪಡೆದದ್ದು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿದ 70 ದಿನಗಳಲ್ಲಿ, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ 'ದುರ್ಗಾ' ಎಂದು ಕರೆಯಲಾದ ಹೆಣ್ಣುಮಗು ಹುಟ್ಟಿತು. ವೈದ್ಯ ಸುಭಾಷ್ ಮುಖೋಪಾಧ್ಯಾಯರು ಸುನಿತ್ ಮುಖರ್ಜಿ ಮತ್ತು ಸರೋಜ್ ಕಾಂತಿ ಭಟ್ಟಾಚಾರ್ಯರೊಂದಿಗೆ ಈ ಕೆಲಸ ಮಾಡಿದ್ದರು. ಇಂಗ್ಲೆಂಡಿನವರು ಮಾಡದಿದ್ದ ಒಂದನ್ನು ಇವರು ಮಾಡಿದ್ದರು: ಎಂಟು ಕೋಶಗಳ ಭ್ರೂಣವನ್ನು ಡೈಮೀಥೈಲ್ ಸಲ್ಫಾಕ್ಸೈಡ್ ಬಳಸಿ ಹೆಪ್ಪುಗಟ್ಟಿಸಿ, 53 ದಿನ ಕಾದು, ಕರಗಿಸಿ, ಔಷಧಿಯ ಪ್ರಭಾವವಿಲ್ಲದ ಸಹಜ ಋತುಚಕ್ರದಲ್ಲಿ ಗರ್ಭಕ್ಕೆ ಸೇರಿಸಿದ್ದರು. ಇಲಿಯ ಭ್ರೂಣವನ್ನು ಹೀಗೆ ಉಳಿಸಬಹುದೆಂದು ವಿಟಿಂಗ್‌ಹ್ಯಾಮ್, ಲೀಬೋ ಮತ್ತು ಮಾಜೂರ್ ತೋರಿಸಿ ಆಗ ಆರು ವರ್ಷವಷ್ಟೇ ಆಗಿತ್ತು. ಇಂದು ಜಗತ್ತಿನ ಅನೇಕ ಐವಿಎಫ್ (ಪ್ರನಾಳ ಗರ್ಭಧಾರಣೆ) ಕೇಂದ್ರಗಳು ಅನುಸರಿಸುವ ಕ್ರಮ ಇದಕ್ಕೆ ಹತ್ತಿರದ್ದು.

ಪಶ್ಚಿಮ ಬಂಗಾಳ ಸರ್ಕಾರ ನೇಮಿಸಿದ ಸಮಿತಿ ಮುಖೋಪಾಧ್ಯಾಯರ ಮಾತನ್ನು ನಂಬಲಿಲ್ಲ. ಜಪಾನಿಗೆ ಹೋಗಿ ತಮ್ಮ ಕೆಲಸ ಮಂಡಿಸಲು ಅನುಮತಿ ಸಿಗಲಿಲ್ಲ. ಕೊನೆಗೆ ಅವರನ್ನು ಕಣ್ಣಿನ ಚಿಕಿತ್ಸೆಯ ಸಂಸ್ಥೆಗೆ ವರ್ಗಮಾಡಲಾಯಿತು. 1981ರ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು. ಹೆಪ್ಪುಗಟ್ಟಿಸಿದ ಭ್ರೂಣದಿಂದ ಮಗು ಹುಟ್ಟಿದ್ದನ್ನು ಜಗತ್ತು ಒಪ್ಪಿಕೊಂಡದ್ದು 1984ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನಿನ ಪ್ರಕರಣದಲ್ಲಿ.

1986ರ ಆಗಸ್ಟ್ 6ರಂದು ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಇಂದಿರಾ ಹಿಂದುಜಾ ಮತ್ತು ಟಿ. ಸಿ. ಆನಂದ ಕುಮಾರ್ ಅವರ ಪ್ರಯತ್ನದಿಂದ ಹುಟ್ಟಿದ ಮಗು ಭಾರತದ ಮೊದಲನೆಯ ಪ್ರನಾಳ ಶಿಶುವೆಂದು ಹೆಸರಾಯಿತು. ಆನಂದ ಕುಮಾರ್ ಆಗ ಮುಂಬೈಯ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರು. ನಿವೃತ್ತಿಯ ನಂತರ ಅವರು ಬೆಂಗಳೂರಿನಲ್ಲಿ ನೆಲೆಸಿ ಬಂಜೆತನ ಚಿಕಿತ್ಸೆಯ ಕೇಂದ್ರ ನಡೆಸಿದರು. ಮುಖೋಪಾಧ್ಯಾಯರ ಕೈಬರಹದ ಟಿಪ್ಪಣಿಗಳು ಸಿಕ್ಕಾಗ ಅವನ್ನು ಸಾಲುಸಾಲಾಗಿ ಓದಿದರು. ಬೆಂಗಳೂರಿನಿಂದ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ 1997ರ ಏಪ್ರಿಲ್‌ನಲ್ಲಿ ಲೇಖನ ಬರೆದು, ಮೊದಲಿಗರು ತಾವಲ್ಲ, ಮುಖೋಪಾಧ್ಯಾಯರು ಎಂದು ಸಾರಿದರು. ತನ್ನದೆಂದು ದೇಶವೆಲ್ಲ ಒಪ್ಪಿದ್ದ ಪಟ್ಟವನ್ನು ತೀರಿಹೋದವರ ತಲೆಗೆ ತಾನೇ ಕಟ್ಟಿದ ವಿಜ್ಞಾನಿಗಳು ವಿರಳ. ಭಾರತೀಯ ವಿಜ್ಞಾನದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಪ್ರಾಮಾಣಿಕತೆಯನ್ನು ಕಾಣುವುದು ಕಷ್ಟ. 2010ರಲ್ಲಿ ಆನಂದ ಕುಮಾರ್ ತೀರಿಕೊಂಡರು.

ಬೆಂಗಳೂರಿನ ಸುಲೋಚನಾ ಗುಣಶೀಲ, ಕಾಮಿನಿ ರಾವ್ ಮೊದಲಾದ ವೈದ್ಯೆಯರು ರಾಜ್ಯದಲ್ಲಿ ಐವಿಎಫ್ ಚಿಕಿತ್ಸೆಗೆ ಬುನಾದಿ ಹಾಕಿದರು. ಪ್ರಯೋಗಾಲಯದ ಕಡೆ, ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಿ. ಶೇಷಗಿರಿ ಅವರ ತಂಡ ಭ್ರೂಣವು ತನ್ನ ಹೊರಕವಚ ಒಡೆದು ಬರುವ ಬಗೆಯನ್ನು ಹ್ಯಾಮ್‌ಸ್ಟರ್‌ಗಳಲ್ಲಿ ಅರಸಿತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಂದಾರ್ ಅವರ ತಂಡ, ಚಿಕಿತ್ಸೆಗೆ ಒದಗದೆ ಬಿಟ್ಟ ಕಳಪೆ ದರ್ಜೆಯ ಭ್ರೂಣಗಳಿಂದ ಎರಡು ಮಾನವ ಆಕರಕೋಶ ತಳಿಗಳನ್ನು ಪಡೆದು 2009ರಲ್ಲಿ ವರದಿ ಮಾಡಿತು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಸತೀಶ್ ಅಡಿಗ ಮತ್ತು ಸಹೋದ್ಯೋಗಿಗಳು ಭ್ರೂಣಶಾಸ್ತ್ರದ ತರಬೇತಿಯ ಜತೆಗೆ, ಕ್ಯಾನ್ಸರ್ ರೋಗಿಗಳ ಫಲವತ್ತತೆ ಉಳಿಸುವ ಸಂಶೋಧನೆಯನ್ನೂ ಕಟ್ಟಿದರು. ಇನ್ನೂ ಪ್ರಾಯಕ್ಕೆ ಬಾರದ ಮಕ್ಕಳ ಅಂಗಾಂಶವನ್ನು ಉಳಿಸುವ ಪ್ರಶ್ನೆ ಅದರಲ್ಲಿ ಮುಖ್ಯವಾದದ್ದು.

ಅಂಡಾಶಯದ ಚೂರನ್ನೇ ಕಾಪಿಡುವ ವಿಧಾನ ಭ್ರೂಣ ಸಂರಕ್ಷಣೆಗಿಂತ ಹೊಸದು. 1994ರಲ್ಲಿ ರೋಜರ್ ಗಾಸ್ಡೆನ್ ಮತ್ತು ಸಂಗಡಿಗರು ಎಡಿನ್‌ಬರೋದಲ್ಲಿ ಕುರಿಯ ಅಂಡಾಶಯದ ಚೂರನ್ನು ಹೆಪ್ಪುಗಟ್ಟಿಸಿ, ಮರಳಿ ಅದೇ ಕುರಿಗೆ ಕಸಿ ಮಾಡಿ ಮರಿ ಪಡೆದರು. ಬೆಲ್ಜಿಯಂನ ಜಾಕ್ ಡೊನ್ನೆಜ್ 1997ರಲ್ಲಿ ಹಾಡ್ಜ್‌ಕಿನ್ ಕ್ಯಾನ್ಸರಿನ ರೋಗಿಯೊಬ್ಬರಿಂದ ತೆಗೆದಿಟ್ಟ ಚೂರನ್ನು ಆರು ವರ್ಷದ ಮೇಲೆ ಮರಳಿ ಕೂರಿಸಿದರು. 2004ರಲ್ಲಿ ಆಕೆ ಹೆಣ್ಣುಮಗುವಿಗೆ ಜನ್ಮ ಕೊಟ್ಟಳು. ಅಂಡಾಣು ಅಥವಾ ಭ್ರೂಣ ಕೂಡಿಡಲು ಸುಮಾರು ಎರಡು ವಾರ ಹಾರ್ಮೋನ್ ಚುಚ್ಚುಮದ್ದು ಬೇಕು. ಚೂರು ತೆಗೆಯಲು ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ನಡೆಸುವ ಒಂದು ಶಸ್ತ್ರಚಿಕಿತ್ಸೆ ಸಾಕು. ಆದ್ದರಿಂದ ತಡಮಾಡಲಾಗದ ರೋಗಿಗೂ, ಇನ್ನೂ ಮುಟ್ಟಾಗದ ಹುಡುಗಿಗೂ ಇದೇ ಆಸರೆ. ಕಸಿ ಮಾಡಿದ ಚೂರು ಮುಟ್ಟನ್ನೂ ದೇಹದ ಸಹಜ ಹಾರ್ಮೋನನ್ನೂ ಮರಳಿ ತರಬಲ್ಲದು. ಆದರೆ ರಕ್ತದ ಕ್ಯಾನ್ಸರಿನಲ್ಲಿ ರೋಗದ ಕೋಶಗಳು ಚೂರಿನೊಳಗೇ ಅಡಗಿರಬಹುದೆಂಬ ಅಂಜಿಕೆಯಿದೆ; ಅಲ್ಲಿ ಕಸಿಗೆ ಕೈಹಾಕುವುದಕ್ಕೆ ಹಿಂಜರಿಯುತ್ತಾರೆ. ಅಮೆರಿಕದ ಸಂತಾನೋತ್ಪತ್ತಿ ವೈದ್ಯರ ಸಂಘ ಈ ವಿಧಾನಕ್ಕಿದ್ದ 'ಪ್ರಾಯೋಗಿಕ' ಎಂಬ ಹಣೆಪಟ್ಟಿಯನ್ನು 2019ರಲ್ಲಿ ತೆಗೆದುಹಾಕಿತು.

ಭಾರತದಲ್ಲಿ ಭ್ರೂಣ ಸಂಗ್ರಹಕ್ಕೆ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಹತ್ತು ವರ್ಷದ ಮಿತಿ ಹಾಕಿದೆ. ಅವಧಿ ಮುಗಿದ ಭ್ರೂಣವನ್ನು ಒಪ್ಪಿಗೆಯ ಮೇರೆಗೆ ಸಂಶೋಧನೆಗೆ ಕೊಡಬಹುದು. ಕಾಯ್ದೆಯಂತೆ ಒಂಟಿ ಮಹಿಳೆಗೂ ನೆರವಿನ ಸಂತಾನೋತ್ಪತ್ತಿಯ ಚಿಕಿತ್ಸೆ ಪಡೆಯುವ ಹಕ್ಕಿದೆ.

ದಾವಣಗೆರೆಯಲ್ಲಿ 1965ರಿಂದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಇದೆ, ಚಿಗಟೇರಿ ಜಿಲ್ಲಾ ಆಸ್ಪತ್ರೆಯೂ ಇದೆ. ಈ ಲೇಖನದಲ್ಲಿ ಹೆಸರಿಸಿದ, ರಾಜ್ಯದ ಪ್ರಯೋಗಾಲಯಗಳ ಸಂಶೋಧನೆಯೆಲ್ಲ ನಡೆದದ್ದು ಮಾತ್ರ ಬೆಂಗಳೂರಿನಲ್ಲಿ, ಮಣಿಪಾಲದಲ್ಲಿ. ಜಗಳೂರಿನ ಹುಡುಗಿಗೆ ಈ ವಿದ್ಯೆ ದಕ್ಕಬೇಕಾದರೆ ಮೊದಲು ಬೇಕಾದದ್ದು ಯಂತ್ರವಲ್ಲ, ಒಂದು ಮಾತು. ಕಿಮೊಥೆರಪಿಯ ಮೊದಲ ಬಾಟಲಿ ಏರಿಸುವ ಮುನ್ನ, ಮುಂದೆ ಮಕ್ಕಳಾಗುವ ಶಕ್ತಿಯನ್ನು ಉಳಿಸಿಕೊಳ್ಳುವ ದಾರಿಗಳಿವೆ ಎಂದು ವೈದ್ಯರು ಆಕೆಗೂ ಆಕೆಯ ತಾಯಿಗೂ ತಿಳಿಯುವ ಕನ್ನಡದಲ್ಲಿ ಹೇಳಬೇಕು. ಹೇಳದಿದ್ದರೆ ಮನೆಯವರೇ ಕೇಳಲಿ; ಚಿಕಿತ್ಸೆ ಶುರುವಾದ ಮೇಲೆ ಕೇಳಿದರೆ ಕಾಪಿಡಲು ಉಳಿಯುವುದು ಬಹಳ ಕಡಿಮೆ.